ಎಡಗಡೆ ಸೀಟಿನಲ್ಲಿ ಯಾರಿದ್ರು?

ಶಿರಾ ದಾಟಿ ಹಿರಿಯೂರಿನ ಕಡೆ ಹೊರಟರೆ ನಡುವೆ ಸಿಗುವ ಊರು ಜವನಗೊಂಡನಹಳ್ಳಿ. ಹೈವೇಯಲ್ಲಿ ಹೋಗೋರು ಬೋರ್ಡಿನ ಮೇಲಿನ ಪೂರ್ತಿ ಹೆಸರು ಓದಿ ಮುಗಿಸುವಷ್ಟರಲ್ಲಿ ಊರು ಹಿಂದೆ ಹೋಗಿರುತ್ತೆ. ಅದಕ್ಕೇ ಏನೋ ಎಲ್ಲರೂ ಜೆ.ಜಿ.ಹಳ್ಳಿ ಅಂತಾರೆ. ನಮ್ಮಕ್ಕನನ್ನು ಕೊಟ್ಟಿರುವುದು ಅಲ್ಲಿಗೆ.

ನನ್ನ ಎಲ್‌ಎಲ್‌ಆರ್ ಕೈಗೆ ಬಂದು ಹತ್ತೊಂಬತ್ತು ದಿನ ಆಗಿತ್ತು. ಗೌರಿ ಹಬ್ಬದ ಬಾಗಿನ ಅಕ್ಕನಿಗೆ ತಲುಪಿಸಬೇಕಿತ್ತು. ಅಣ್ಣ ಕೆಲಸದ ಮೇಲೆ ಹೊರಗೆ ಹೋಗಿದ್ದ, ಅವನ ಕಾರು ಮಾತ್ರ ಬೆಂಗಳೂರಿನ ಮನೆ ಮುಂದೆ ನಿಂತಿತ್ತು. ಫೋನ್ ಮಾಡಿ ಕೇಳಿದೆ, 'ನಿಧಾನಕ್ಕೆ ಹೋಗು' ಅಂದ. ಹಿಂದೆ ಮುಂದೆ ಕೆಂಪು ಎಲ್ ಅಂಟಿಸಿಕೊಂಡು, ಮೊರದ ಬಾಗಿನವನ್ನು ಪಕ್ಕದ ಸೀಟಿನಲ್ಲಿಟ್ಟು ಅದಕ್ಕೆ ಸೀಟ್ ಬೆಲ್ಟ್ ಬೇರೆ ಹಾಕಿ, ಒಬ್ಬಳೇ ಹೊರಟೆ. ಜೆ.ಜಿ.ಹಳ್ಳಿ ಸರ್ವಿಸ್ ರೋಡಿಗೆ ಇಳಿದಾಗ ಕೈ ನಡುಗುತ್ತಿತ್ತು, ಆದರೆ ಮುಖದಲ್ಲಿ ಒಲಿಂಪಿಕ್ಸ್ ಗೆದ್ದ ಕಳೆ. ಭಾವ ಬಾಗಿಲಲ್ಲೇ ನಿಂತಿದ್ದರು. ಕಾರಿನ ಸುತ್ತ ಒಂದು ಸುತ್ತು ಬಂದರು.

'ಏನಮ್ಮಾ, ಎಡಗಡೆ ಸೀಟಲ್ಲಿ ಯಾರಿದ್ರು?'

'ಯಾರೂ ಇಲ್ಲ ಭಾವ. ಎಲ್ ಬೋರ್ಡ್ ಹಾಕಿದೀನಲ್ಲ.'

ಭಾವ ಏನೂ ಅನ್ನದೆ ಒಳಗೆ ಹೋದರು. ಹಳೇ ಲಾರಿ ಡ್ರೈವರು ಅವರು. ಬಯ್ಯೋದಕ್ಕಿಂತ ಸುಮ್ಮನಿರೋದು ಜಾಸ್ತಿ ಚುಚ್ಚುತ್ತೆ ಅನ್ನೋದು ಅವರಿಗೆ ಚೆನ್ನಾಗಿ ಗೊತ್ತು. ಈ ಬರಹ ಶುರುವಾದದ್ದು ಆ ಪ್ರಶ್ನೆಯಿಂದ. ನಾನು ಅಂದುಕೊಂಡಿದ್ದು, ಬಹುಶಃ ನೀವೂ ಅಂದುಕೊಂಡಿರೋದು, ಕೆಂಪು ಎಲ್ ಅಂದರೆ ಒಂದು ಪರ್ಮಿಷನ್ನು ಅಂತ. ಆಮೇಲೆ ಕಾನೂನು ತೆಗೆದು ನೋಡಿದರೆ ಕಥೆಯೇ ಬೇರೆ.

ಮೋಟಾರು ವಾಹನ ಕಾಯ್ದೆ, 1988, ಮೂರನೇ ಸೆಕ್ಷನ್ನು. ಮೊದಲ ಮಾತೇ ಲೈಸೆನ್ಸ್ ಇಲ್ಲದೆ ಯಾರೂ ಗಾಡಿ ಓಡಿಸಕೂಡದು ಅನ್ನೋದು. ಎರಡನೇ ಮಾತು, ಕಲಿಯುತ್ತಿರುವವರಿಗೆ ಇದು ಯಾವ ಷರತ್ತಿನ ಮೇಲೆ ಅನ್ವಯಿಸುವುದಿಲ್ಲ ಅನ್ನೋದನ್ನ ಕೇಂದ್ರ ಸರ್ಕಾರ ನಿಯಮ ಮಾಡಿ ಹೇಳುತ್ತೆ ಅಂತ. ಅಂದರೆ ಕಲಿಯುವವಳು ಕಾನೂನಿನ ಕಣ್ಣಲ್ಲಿ ಅರ್ಧ ಡ್ರೈವರ್ ಅಲ್ಲ, ಒಂದು ವಿನಾಯಿತಿ ಅಷ್ಟೇ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಮೂರನೇ ನಿಯಮ ಆ ವಿನಾಯಿತಿಗೆ ಮೂರು ಕಾಲು ಕೊಟ್ಟಿದೆ. ಚಾಲ್ತಿಯಲ್ಲಿರುವ ಎಲ್‌ಎಲ್‌ಆರ್ ಇರಬೇಕು. ಪೂರ್ತಿ ಲೈಸೆನ್ಸ್ ಇರುವ ಒಬ್ಬರು ಜೊತೆಗಿರಬೇಕು, ಅವರು ಗಾಡಿಯನ್ನು ಹಿಡಿತಕ್ಕೆ ತರಲು ಅಥವಾ ನಿಲ್ಲಿಸಲು ಆಗುವ ಜಾಗದಲ್ಲಿ ಕೂತಿರಬೇಕು. ಹಿಂದೆ ಮುಂದೆ ಎಲ್ ಇರಬೇಕು. ಈ ಎಲ್ ವಿಷಯದಲ್ಲಿ ನಿಯಮ ಎಷ್ಟು ಶ್ರದ್ಧೆ ತೋರಿಸಿದೆ ಅಂದರೆ, ಫಲಕ 18 ಸೆಂಟಿಮೀಟರ್ ಚೌಕ, ಅಕ್ಷರದ ಎತ್ತರ ಕನಿಷ್ಠ 10 ಸೆಂಟಿಮೀಟರ್, ದಪ್ಪ 2, ತಳದ ಅಗಲ 9 ಅಂತೆಲ್ಲ ಅಳತೆ ಕೊಟ್ಟಿದೆ. ಪಕ್ಕದಲ್ಲಿ ಕೂರುವ ಮನುಷ್ಯನಿಗೆ ಮಾತ್ರ ಅಳತೆ ಇಲ್ಲ. ಬ್ರಿಟನ್ನಿನಲ್ಲಿ ಆತನಿಗೆ 21 ವರ್ಷ ಆಗಿರಬೇಕು, ಮೂರು ವರ್ಷದಿಂದ ಲೈಸೆನ್ಸ್ ಇರಬೇಕು. ನಮ್ಮಲ್ಲಿ ನಿನ್ನೆ ಡಿಎಲ್ ಸಿಕ್ಕ ಫ್ರೆಂಡು ಕೂತರೂ ಆಯಿತು.

ಮೂರು ಕಾಲಿನಲ್ಲಿ ನಾವು ಒಂದನ್ನು ಮಾತ್ರ ಅಂಗಡಿಯಲ್ಲಿ ಸ್ಟಿಕ್ಕರ್ ಕೊಂಡು ಅಂಟಿಸಿಕೊಂಡಿದ್ದೇವೆ. ಸ್ಕೂಟರಿನದಂತೂ ಕೇಳಲೇಬೇಡಿ. ನಿಯಮದ ಪ್ರಕಾರ ಕಲಿಯುವವರ ಹಿಂದೆ ಕೂರಬಹುದಾದವರು ಕಲಿಸುವವರು ಮಾತ್ರ. ಎಲ್‌ಎಲ್‌ಆರ್ ಹುಡುಗ ಕ್ಲಾಸ್‌ಮೇಟನ್ನು ಕೂರಿಸಿಕೊಂಡು ಹೋಗೋದನ್ನ ನೀವು ಇವತ್ತೂ ನೋಡಿರುತ್ತೀರಿ.

ಈ ಎಲ್ ಎಲ್ಲಿಂದ ಬಂತು? ಬ್ರಿಟನ್ನಿನಿಂದ, ಇನ್ನೆಲ್ಲಿಂದ. ಅಲ್ಲಿ 1903ರ ಮೋಟಾರ್ ಕಾರ್ ಕಾಯ್ದೆ ಲೈಸೆನ್ಸ್ ತಂದಿತು, ಆದರೆ ಪರೀಕ್ಷೆ ಇರಲಿಲ್ಲ. 17 ವರ್ಷ ಆಗಿದ್ದವರು ಐದು ಶಿಲ್ಲಿಂಗ್ ಕೊಟ್ಟರೆ ಲೈಸೆನ್ಸ್. ಮೂವತ್ತು ವರ್ಷ ಹೀಗೇ ನಡೆಯಿತು. 1934ರಲ್ಲಿ ಬ್ರಿಟನ್ನಿನ ರಸ್ತೆಗಳಲ್ಲಿ 7,343 ಮಂದಿ ಸತ್ತರು. ಇವತ್ತಿನ ಲೆಕ್ಕದಲ್ಲಿ ಆಗ ಇದ್ದ ಗಾಡಿಗಳೇ ಬೆರಳೆಣಿಕೆ, ಆದರೂ ಅಷ್ಟು ಸಾವು. ಅದೇ ವರ್ಷದ ಕಾಯ್ದೆಯ ಪ್ರಕಾರ 1935ರ ಜೂನ್ 1ರಿಂದ ಪರೀಕ್ಷೆ ಕಡ್ಡಾಯವಾಯಿತು, ಕಲಿಯುವವರ ಗಾಡಿಗೆ ಕೆಂಪು ಎಲ್ ಬಂತು. ಸಾರಿಗೆ ಸಚಿವ ಲೆಸ್ಲಿ ಹೋರ್-ಬೆಲಿಷಾ. ಆದರೆ 1934ರ ಏಪ್ರಿಲ್ 1ಕ್ಕಿಂತ ಮೊದಲೇ ಓಡಿಸುತ್ತಿದ್ದವರಿಗೆ ಪರೀಕ್ಷೆ ಇಲ್ಲ. ಆ ಸಾವುಗಳನ್ನು ತಂದ ರಸ್ತೆಗಳಲ್ಲಿ ಗಾಡಿ ಓಡಿಸುತ್ತಿದ್ದವರೆಲ್ಲ ಪಾಸು, ಹೊಸದಾಗಿ ಬರುವವರಿಗೆ ಪರೀಕ್ಷೆ. ಸರ್ಕಾರಗಳ ಧಾಟಿ ಎಲ್ಲ ಕಡೆ ಒಂದೇ.

ಬ್ರಿಟಿಷ್ ಇಂಡಿಯಾಕ್ಕೆ 1914ರಲ್ಲೇ ಒಂದು ಮೋಟಾರು ಕಾಯ್ದೆ ಬಂದಿತ್ತು. ಚಿತ್ರದುರ್ಗ ಆಗ ಮೈಸೂರು ಸಂಸ್ಥಾನದ ಜಿಲ್ಲೆ, ಹಾಗಾಗಿ ಅದು ನೇರವಾಗಿ ಇಲ್ಲಿಯದಲ್ಲ. 1939ರ ಕಾಯ್ದೆ ಕಲಿಯುವವರ ಷರತ್ತುಗಳನ್ನು ಆಯಾ ರಾಜ್ಯಕ್ಕೆ ಬಿಟ್ಟಿತ್ತು. ಗಾಡಿ ಮಾಲೀಕ ಲೈಸೆನ್ಸ್ ಇಲ್ಲದವರ ಕೈಗೆ ಗಾಡಿ ಕೊಡಬಾರದು ಅಂತಲೂ ಹೇಳಿತ್ತು. ಈ ಕೊನೆಯ ವಾಕ್ಯ ಸ್ವಲ್ಪ ನೆನಪಿರಲಿ, ಐರ್ಲೆಂಡಿಗೆ ಹೋದಾಗ ಬೇಕಾಗುತ್ತೆ.

ಈಗ ನನಗೆ ತುಂಬಾ ಇಷ್ಟವಾದ ಭಾಗ. ಪಕ್ಕದ ಸೀಟು ಖಾಲಿ ಇದ್ದರೂ ಪರವಾಗಿಲ್ಲ ಅಂತ ಒಂದು ಸರ್ಕಾರವೇ ಹೇಳಿದ ಕಾಲ ಇದೆ. 1956ರ ಜುಲೈನಲ್ಲಿ ಈಜಿಪ್ಟಿನ ನಾಸೆರ್ ಸೂಯೆಜ್ ಕಾಲುವೆಯನ್ನು ರಾಷ್ಟ್ರೀಕರಣ ಮಾಡಿದರು. ಅಕ್ಟೋಬರ್ ಕೊನೆಗೆ ಯುದ್ಧ ಶುರುವಾಯಿತು, ಕಾಲುವೆ ಮುಚ್ಚಿತು, ಬ್ರಿಟನ್ನಿಗೆ ಎಣ್ಣೆ ಬರೋದು ಬಹಳ ಕಡಿಮೆಯಾಯಿತು. ಅದೇ ನವೆಂಬರ್ 1ರಂದು ಇಲ್ಲಿ ಕನ್ನಡನಾಡು ಒಂದಾಗಿ, ಚಿತ್ರದುರ್ಗದ ಎಸ್. ನಿಜಲಿಂಗಪ್ಪ ವಿಶಾಲ ಮೈಸೂರಿನ ಮುಖ್ಯಮಂತ್ರಿಯಾಗಿದ್ದರು. ಅತ್ತ ಲಂಡನ್ನಿನಲ್ಲಿ ನವೆಂಬರ್ 24ರಿಂದ ಡ್ರೈವಿಂಗ್ ಪರೀಕ್ಷೆಗಳನ್ನೇ ನಿಲ್ಲಿಸಿದರು. ಡಿಸೆಂಬರ್ 17ರಿಂದ ಪೆಟ್ರೋಲಿಗೆ ರೇಷನ್. ಪರೀಕ್ಷೆ ಮಾಡುತ್ತಿದ್ದವರನ್ನು ರೇಷನ್ ಕೆಲಸಕ್ಕೆ ಹಾಕಿದರು. ಹಾಗಾದರೆ ಪರೀಕ್ಷೆಗೆ ಕಾದು ಕೂತಿದ್ದ ಕಲಿಕೆಯವರು ಏನು ಮಾಡಬೇಕು? ಪಕ್ಕದಲ್ಲಿ ಯಾರೂ ಇಲ್ಲದೆ ಒಬ್ಬರೇ ಓಡಿಸಬಹುದು ಅಂತ ಬಿಟ್ಟರು. ಪರೀಕ್ಷೆ ಮತ್ತೆ ಶುರುವಾದದ್ದು 1957ರ ಏಪ್ರಿಲ್‌ನಲ್ಲಿ.

ಯೋಚಿಸಿ ನೋಡಿ. ಕಲಿಕೆಯವರು ಒಂದೇ ರಾತ್ರಿಯಲ್ಲಿ ನುರಿತವರಾಗಿಬಿಟ್ಟರಾ? ಇಲ್ಲ. ಪರೀಕ್ಷೆ ಮಾಡಲು ಸರ್ಕಾರದ ಕೈಯಲ್ಲಿ ಆಗಲಿಲ್ಲ, ಅದರ ಭಾರವನ್ನು ರಸ್ತೆ ದಾಟುವವರ ತಲೆಗೆ ಹಾಕಿದರು. ನಾನು ಇದನ್ನು ಬರೀ ತಮಾಷೆ ಪ್ರಸಂಗ ಅಂತ ಓದಲು ಹೋಗಿದ್ದೆ, ಆಗಲಿಲ್ಲ. ಯಾಕೆಂದರೆ ಐರ್ಲೆಂಡಿನಲ್ಲಿ ಯುದ್ಧವೂ ಇಲ್ಲದೆ ಹೀಗೇ ಆಯಿತು.

ಅಲ್ಲಿ ಡ್ರೈವಿಂಗ್ ಪರೀಕ್ಷೆ ಬಂದದ್ದು 1964ರಲ್ಲಿ. ಕಾಯುವವರ ಸಾಲು ಬೆಳೆಯುತ್ತಾ ಹೋಗಿ 1979ರಲ್ಲಿ ಸರ್ಕಾರ ಸಾಲು ಕರಗಿಸಲು ಒಂದು ಉಪಾಯ ಕಂಡುಕೊಂಡಿತು. ತಾತ್ಕಾಲಿಕ ಲೈಸೆನ್ಸಿನಲ್ಲಿ ಕಾಯುತ್ತಿದ್ದ ದೊಡ್ಡ ಗುಂಪಿಗೆ ಪರೀಕ್ಷೆಯೇ ಇಲ್ಲದೆ ಪೂರ್ತಿ ಲೈಸೆನ್ಸ್ ಹಂಚಿಬಿಟ್ಟಿತು! ಇನ್ನೊಂದು ವಿಚಿತ್ರ ಕೇಳಿ. ಅಲ್ಲಿ ಮೊದಲನೇ ತಾತ್ಕಾಲಿಕ ಲೈಸೆನ್ಸಿನಲ್ಲಿ ಪಕ್ಕದಲ್ಲಿ ಜನ ಬೇಕು, ಎರಡನೆಯದರಲ್ಲಿ ಬೇಡ, ಮೂರನೆಯದರಲ್ಲಿ ಮತ್ತೆ ಬೇಕು. 2007ರ ಅಕ್ಟೋಬರ್ ಕೊನೆಯಲ್ಲಿ ಸರ್ಕಾರ ಇದ್ದಕ್ಕಿದ್ದಂತೆ, ಇನ್ನು ಕೆಲವೇ ದಿನದಲ್ಲಿ ಎರಡನೆಯವರೂ ಒಬ್ಬರೇ ಓಡಿಸುವಂತಿಲ್ಲ ಅಂತ ಘೋಷಿಸಿತು. ಪುಟ್ಟ ದೇಶ, ಆದರೆ ತಾತ್ಕಾಲಿಕ ಲೈಸೆನ್ಸಿನವರೇ ನಾಲ್ಕು ಲಕ್ಷಕ್ಕೂ ಹೆಚ್ಚು. ಆಫೀಸಿಗೆ ಹೋಗೋದು ಹೇಗೆ, ಮಕ್ಕಳನ್ನು ಸ್ಕೂಲಿಗೆ ಬಿಡೋದು ಹೇಗೆ ಅಂತ ಗಲಾಟೆಯೋ ಗಲಾಟೆ. ಸರ್ಕಾರ ಹಿಂದೆ ಸರಿದು 2008ರ ಜೂನ್ 30ರವರೆಗೆ ಗಡುವು ಕೊಟ್ಟಿತು.

ಗಡುವೇನೋ ಮುಗಿಯಿತು, ಅಭ್ಯಾಸ ಬಿಡಲಿಲ್ಲ. 2015ರ ಡಿಸೆಂಬರ್‌ನಲ್ಲಿ ಕಾರ್ಕ್ ಪ್ರಾಂತ್ಯದಲ್ಲಿ, ಪಕ್ಕದಲ್ಲಿ ಯಾರೂ ಇಲ್ಲದೆ ಓಡಿಸುತ್ತಿದ್ದ ಕಲಿಕೆಯ ಚಾಲಕಿಯ ಕಾರು ಗುದ್ದಿ ಕ್ಲಾನ್ಸಿ ಮನೆತನದ ತಾಯಿ, ಮಗಳು ಇಬ್ಬರೂ ಸತ್ತರು. ಮನೆಯಲ್ಲಿ ಉಳಿದ ತಂದೆ ವರ್ಷಗಟ್ಟಲೆ ಹೋರಾಡಿದರು. ಅವರು ಕೇಳಿದ್ದು ಓಡಿಸಿದವರಿಗೆ ಇನ್ನೂ ದೊಡ್ಡ ಶಿಕ್ಷೆ ಕೊಡಿ ಅಂತಲ್ಲ. ಕೀಲಿ ಕೊಟ್ಟವರನ್ನೂ ಹಿಡಿಯಿರಿ ಅಂತ. 2018ರ ಕೊನೆಯಲ್ಲಿ ಜಾರಿಗೆ ಬಂದ ತಿದ್ದುಪಡಿಯನ್ನು ಅಲ್ಲಿಯವರು ಇವತ್ತಿಗೂ ಕ್ಲಾನ್ಸಿ ತಿದ್ದುಪಡಿ ಅಂತಲೇ ಕರೆಯೋದು. ಈಗ ಕಲಿಯುವವರಿಗೆ ಒಂಟಿಯಾಗಿ ಓಡಿಸಲು ಗಾಡಿ ಕೊಟ್ಟ ಮಾಲೀಕನೂ ಅಪರಾಧಿ, ಪೊಲೀಸರು ಗಾಡಿಯನ್ನೇ ಎತ್ತಿಕೊಂಡು ಹೋಗಬಹುದು. ಡಬ್ಲಿನ್ನಿನಲ್ಲಿ ಕೆಲಸಕ್ಕಿರುವ ನಮ್ಮವರಿಗೆ ಇದರ ಬಿಸಿ ಚೆನ್ನಾಗಿ ತಟ್ಟುತ್ತೆ. ಭಾರತದ ಡಿಎಲ್ ಕೊಟ್ಟರೆ ಅಲ್ಲಿ ಬದಲಿ ಲೈಸೆನ್ಸ್ ಸಿಗೋದಿಲ್ಲ, ಇಲ್ಲಿ ಹತ್ತು ವರ್ಷ ಓಡಿಸಿದವರೂ ಅಲ್ಲಿ ನೆಲೆಸಿದರೆ ಮತ್ತೆ ಲರ್ನರ್ ಆಗಿ ಪಕ್ಕದಲ್ಲಿ ಯಾರನ್ನಾದರೂ ಹುಡುಕಿಕೊಳ್ಳಬೇಕು.

ಆಗಲೇ ನೆನಪಿಟ್ಟುಕೊಳ್ಳಿ ಅಂದ ವಾಕ್ಯ ಇದಕ್ಕೆ. ಐರ್ಲೆಂಡ್ 2018ರಲ್ಲಿ ಒಂದು ಮನೆ ಅರ್ಧ ಬರಿದಾದ ಮೇಲೆ ಬರೆದುಕೊಂಡದ್ದು ನಮ್ಮಲ್ಲಿ 1939ರಿಂದ ಇದೆ. 1988ರ ಕಾಯ್ದೆಯ ಐದನೇ ಸೆಕ್ಷನ್ನಿನಲ್ಲೂ ಇದೆ. ಲೈಸೆನ್ಸ್ ಇಲ್ಲದವರ ಕೈಗೆ ಗಾಡಿ ಕೊಟ್ಟ ಮಾಲೀಕನಿಗೆ ಮೊದಲು ಸಾವಿರ ರೂಪಾಯಿವರೆಗೆ ದಂಡ ಇತ್ತು, 2019ರ ತಿದ್ದುಪಡಿಯಲ್ಲಿ ಐದು ಸಾವಿರ ಆಯಿತು. 'ನಿಧಾನಕ್ಕೆ ಹೋಗು' ಅಂದ ನಮ್ಮಣ್ಣ, ಕಾನೂನಿನ ಪ್ರಕಾರ, ಫೋನಿನಲ್ಲೇ ಒಂದು ಅಪರಾಧ ಮಾಡಿ ಮುಗಿಸಿದ್ದ.

ಆವತ್ತು ಊಟ ಆದಮೇಲೆ ಭಾವ ತಾವು ಕಲಿತ ಕಥೆ ಹೇಳಿದರು. ಆಗ ಈ ರಸ್ತೆ ಎನ್‌ಎಚ್ 4, ಇನ್ನೂ ಡಬಲ್ ರೋಡ್ ಆಗಿರಲಿಲ್ಲ. ಸುವರ್ಣ ಚತುಷ್ಪಥ ಬಂದದ್ದು, ನಂಬರ್ ಬದಲಾಗಿ 48 ಆದದ್ದು ಎಲ್ಲ ಆಮೇಲೆ. ಭಾವ ಕ್ಲೀನರ್ ಆಗಿದ್ದರು. ಟೈರು ಕುಟ್ಟಿ ನೋಡೋದು, ಗಾಜು ಒರೆಸೋದು, ಹಗ್ಗ ಬಿಗಿಯೋದು, ಡ್ರೈವರಿಗೆ ಟೀ ತರೋದು. ವರ್ಷ ಕಳೆದ ಮೇಲೆ ಒಂದು ರಾತ್ರಿ ಶಿರಾ ದಾಟುತ್ತಿದ್ದ ಹಾಗೆ ಡ್ರೈವರು, 'ಸ್ವಲ್ಪ ಹೊತ್ತು ಹಿಡ್ಕೊಳೋ' ಅಂದು ಹಿಂದಿನ ಹಲಗೆ ಮೇಲೆ ಮಲಗಿಬಿಟ್ಟರಂತೆ. ಭಾವ ಚಿತ್ರದುರ್ಗದವರೆಗೆ ಓಡಿಸಿದರು. 'ಪಕ್ಕದಲ್ಲಿ ಯಾರಿದ್ರು ಭಾವ?' ಅಂತ ನಾನೂ ಬಿಡದೆ ಕೇಳಿದೆ. 'ಹಿಂದುಗಡೆ ಗೊರಕೆ ಇತ್ತಲ್ಲ' ಅಂದರು.

ಲಾರಿ ಓಡಿಸೋದನ್ನ ನಮ್ಮಲ್ಲಿ ಎಷ್ಟೋ ಜನ ಕಲಿತಿರೋದು ಹೀಗೇ. ಕಾನೂನಿನ ದಾರಿ ಬೇರೆ. ಲಾರಿ ಬಸ್ಸಿನಂಥ ಗಾಡಿಗೆ ಎಲ್‌ಎಲ್‌ಆರ್ ಬೇಕಾದರೆ ಲಘು ವಾಹನದ ಲೈಸೆನ್ಸ್ ಸಿಕ್ಕು ಕನಿಷ್ಠ ಒಂದು ವರ್ಷ ಆಗಿರಬೇಕು. ಎಂಟನೇ ಕ್ಲಾಸು ಓದಿರಬೇಕು ಅಂತಲೂ ಒಂದು ನಿಯಮ ಇತ್ತು, ಅದನ್ನು 2019ರಲ್ಲಿ ತೆಗೆದರು. ಕಾರೇ ಇಲ್ಲದ ಮನೆಯ ಹುಡುಗ ಯಾರ ಕಾರಿನಲ್ಲಿ ಕಲಿತು ಲಘು ವಾಹನದ ಲೈಸೆನ್ಸ್ ತಗೋಬೇಕು? ಹಳ್ಳಿಯಲ್ಲಿ ಟ್ರ್ಯಾಕ್ಟರ್ ಇದೆ ಅನ್ನಬಹುದು. ಆದರೆ ಟ್ರ್ಯಾಕ್ಟರಿಗೆ ಇರೋದೇ ಒಂದು ಸೀಟು, ಕಲಿಸುವವರು ಮಡ್‌ಗಾರ್ಡ್ ಮೇಲೆ ಕೂರಬೇಕು.

ಹೀಗೆ ಕಲಿಯುವಾಗ ಯಾರಿಗಾದರೂ ಗುದ್ದಿದರೆ? ಇಲ್ಲಿಂದ ಕಥೆ ಕೋರ್ಟಿಗೆ ಹೋಗುತ್ತೆ. 1946ರಿಂದ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಕಡ್ಡಾಯವಾಗಿದೆ, ಅಂದರೆ ದಾರಿಯಲ್ಲಿ ಹೋಗುವವರಿಗೆ ಏನಾದರೂ ಆದರೆ ವಿಮಾ ಕಂಪನಿ ಕೊಡಬೇಕು. ಆದರೆ ಕಂಪನಿಗೆ ಕಾನೂನು ಒಂದು ಕಿಂಡಿ ಬಿಟ್ಟಿದೆ. ಓಡಿಸಿದವನ ಹತ್ತಿರ ಸರಿಯಾದ ಲೈಸೆನ್ಸ್ ಇರಲಿಲ್ಲ ಅಂತ ತೋರಿಸಿದರೆ ಜಾರಿಕೊಳ್ಳಬಹುದು. 1987ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದ ಸ್ಕಾಂಡಿಯಾ ಇನ್ಶೂರೆನ್ಸ್ ಪ್ರಕರಣ ನೋಡಿ. ಲೈಸೆನ್ಸ್ ಇದ್ದ ಡ್ರೈವರು ಇಂಜಿನ್ ಚಾಲೂ ಇಟ್ಟು, ಕ್ಲೀನರನ್ನು ಲಾರಿಯಲ್ಲೇ ಬಿಟ್ಟು, ಎದುರಿನ ಅಂಗಡಿಗೆ ತಿಂಡಿ ತರಲು ಇಳಿದ. ಕ್ಲೀನರ್ ಲಾರಿ ಮುಂದಕ್ಕೆ ತಂದ, ಒಬ್ಬರು ಸತ್ತರು. ಕ್ಲೀನರಿಗೆ ಲೈಸೆನ್ಸ್ ಇಲ್ಲ, ಹಾಗಾಗಿ ನಾವು ಕೊಡಲ್ಲ ಅಂದಿತು ಕಂಪನಿ. ನ್ಯಾಯಮೂರ್ತಿ ಎಂ.ಪಿ. ಠಕ್ಕರ್ ಅವರಿದ್ದ ಪೀಠ ಒಪ್ಪಲಿಲ್ಲ. ಮಾಲೀಕ ಲೈಸೆನ್ಸ್ ಇದ್ದವನನ್ನೇ ಇಟ್ಟುಕೊಂಡಿದ್ದ, ಗೊತ್ತಿದ್ದೂ ಷರತ್ತು ಮುರಿದಿಲ್ಲ. ಕೈಗೆ ದುಡ್ಡೇ ಬರದಿದ್ದರೆ ಸತ್ತವರ ಮನೆಯವರು ಗೆದ್ದ ಕೇಸಿನಿಂದ ಏನು ಪ್ರಯೋಜನ ಅನ್ನೋದು ಆ ತೀರ್ಪಿನ ಒಳಗಿನ ಕಾಳಜಿ.

ಎಲ್‌ಎಲ್‌ಆರ್ ಇದ್ದವರ ಕಥೆ ಇನ್ನೂ ಗೋಜಲು. 1996ರ ಒಂದು ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ಎಲ್‌ಎಲ್‌ಆರ್ ಅಂದರೆ ಸರಿಯಾದ ಲೈಸೆನ್ಸ್ ಅಲ್ಲ ಅನ್ನುವ ಅರ್ಥದ ಮಾತು ಹೇಳಿತ್ತು, ಕಂಪನಿಗಳು ಅದನ್ನು ಗಟ್ಟಿಯಾಗಿ ಹಿಡಿದುಕೊಂಡವು. 2004ರ ಜನವರಿಯಲ್ಲಿ ನ್ಯಾಷನಲ್ ಇನ್ಶೂರೆನ್ಸ್ ವಿರುದ್ಧ ಸ್ವರಣ್ ಸಿಂಗ್ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಇದನ್ನು ತಿದ್ದಿತು. ಎಲ್‌ಎಲ್‌ಆರ್ ಕೂಡ ಕಾಯ್ದೆಯೇ ಕೊಟ್ಟ ಲೈಸೆನ್ಸು. ಅದರ ಷರತ್ತಿಗೆ ಒಳಪಟ್ಟು ಓಡಿಸುವವರನ್ನು ಲೈಸೆನ್ಸ್ ಇಲ್ಲದವರು ಅಂತ ತೋರಿಸಿ ಕಂಪನಿ ತಪ್ಪಿಸಿಕೊಳ್ಳುವಂತಿಲ್ಲ ಅಂದಿತು. ಷರತ್ತು ಮುರಿದಿದ್ದರೆ ಅದನ್ನು ಸಾಬೀತು ಮಾಡುವ ಹೊಣೆಯೂ ಕಂಪನಿಯದೇ. ಸಾಬೀತಾದರೂ ಎಷ್ಟೋ ಕೇಸುಗಳಲ್ಲಿ ಕಂಪನಿ ಮೊದಲು ನೊಂದವರಿಗೆ ಕೊಟ್ಟು, ಆಮೇಲೆ ಮಾಲೀಕನಿಂದ ವಸೂಲಿ ಮಾಡಿಕೊಳ್ಳಬೇಕು.

ಈ ಕೊನೆಯ ನಾಲ್ಕು ಪದ ಓದಿದಾಗ ನನಗೆ ಅಣ್ಣ ನೆನಪಾದ. ನಾನು ಆವತ್ತು ದಾರಿಯಲ್ಲಿ ಯಾರಿಗಾದರೂ ಗುದ್ದಿದ್ದರೆ, ಕಂಪನಿ ಆ ಮನೆಯವರಿಗೆ ದುಡ್ಡು ಕೊಟ್ಟು ಬಂದು ಅವನ ಬಾಗಿಲು ತಟ್ಟಬಹುದಿತ್ತು. ಹೋಮ್ ಲೋನ್ ಕಟ್ಟುತ್ತಿರುವವನು. ಕಾರಿನ ರಿಪೇರಿ ಖರ್ಚನ್ನಂತೂ ಕಂಪನಿ ಕೊಡುತ್ತಿತ್ತೋ ಇಲ್ಲವೋ. ನಿಮ್ಮ ಕಾರಿನ ಪಾಲಿಸಿ ಪಿಡಿಎಫ್ ತೆಗೆದು 'ಡ್ರೈವರ್ಸ್ ಕ್ಲಾಸ್' ಅನ್ನೋ ಕಡೆ ನೋಡಿ. ಎಲ್‌ಎಲ್‌ಆರ್ ಇದ್ದವರೂ ಓಡಿಸಬಹುದು, ಆದರೆ ಕೇಂದ್ರ ಮೋಟಾರು ವಾಹನ ನಿಯಮಗಳ ಮೂರನೇ ನಿಯಮವನ್ನು ಪಾಲಿಸಿರಬೇಕು ಅಂತ ಒಂದು ಸಾಲು ಇರುತ್ತೆ. ಪಾಲಿಸಿ ಬರೆದವರಿಗೆ ಎಲ್ ಸ್ಟಿಕ್ಕರ್ ಒಂದೇ ಸಾಲದು. ಎಡಗಡೆ ಸೀಟಿನ ಬಗ್ಗೆ ಕೇಳುತ್ತಿದ್ದಾರೆ.

2021ರಿಂದ ಆಧಾರ್ ಕೊಟ್ಟು ಮನೆಯಲ್ಲೇ ಕೂತು ಎಲ್‌ಎಲ್‌ಆರ್ ಮಾಡಿಸಿಕೊಳ್ಳುವ ದಾರಿಯಾಯಿತು. ಆರು ತಿಂಗಳು ನಡೆಯುತ್ತೆ, ಒಂದು ತಿಂಗಳು ಕಳೆಯದೆ ಡಿಎಲ್ ಪರೀಕ್ಷೆಗೆ ಹೋಗುವ ಹಾಗಿಲ್ಲ. ಆ ಒಂದು ತಿಂಗಳು ಯಾರು ನಿಮ್ಮ ಪಕ್ಕ ಕೂತಿದ್ದರು ಅಂತ ಯಾರೂ ಕೇಳುವುದಿಲ್ಲ. ಕೇಂದ್ರ ಸಾರಿಗೆ ಸಚಿವಾಲಯ ಪ್ರತಿ ವರ್ಷ ತರುವ ಅಪಘಾತಗಳ ವರದಿಯಲ್ಲಿ ಎಲ್‌ಎಲ್‌ಆರ್ ಚಾಲಕರ ಲೆಕ್ಕ ಬೇರೆಯಾಗಿಯೇ ಇರುತ್ತೆ. ಜೊತೆಗೆ ಯಾರಾದರೂ ಇದ್ದರಾ ಅನ್ನೋ ಕಾಲಂ ಇಲ್ಲ. ಬೆಂಗಳೂರಿನಂಥ ಊರಿನಲ್ಲಿ ಪಕ್ಕ ಕೂರಲು ಪುರುಸೊತ್ತಿರುವವರು ಯಾರು, ಅದೂ ನಿಜವಾದ ಪ್ರಶ್ನೆಯೇ. ಡ್ರೈವಿಂಗ್ ಸ್ಕೂಲಿನವರು ಕೆಲವು ವಾರ ಮುಂಜಾನೆ ಅರ್ಧರ್ಧ ಗಂಟೆ ಕೂರುತ್ತಾರೆ, ಅವರ ಕಾಲ ಕೆಳಗೆ ಇನ್ನೊಂದು ಬ್ರೇಕ್ ಇರುತ್ತೆ. ಆಮೇಲೆ ನಾವು ಒಬ್ಬರೇ. ಇದನ್ನೆಲ್ಲ ಓದುವಾಗ ನನಗೆ ಕಂಡದ್ದು ಇಷ್ಟು: ಲಂಡನ್ನಿನ ಸರ್ಕಾರಕ್ಕೆ ಪರೀಕ್ಷೆ ಮಾಡೋಕೆ ಆಗಲಿಲ್ಲ, ಡಬ್ಲಿನ್ನಿನಲ್ಲಿ ಸಾಲು ಕರಗಲಿಲ್ಲ, ಭಾವನ ಗುರುವಿಗೆ ನಿದ್ದೆ ತಡೆಯಲಿಲ್ಲ, ನಮ್ಮಣ್ಣನಿಗೆ ರಜೆ ಇರಲಿಲ್ಲ. ಎಲ್ಲರಿಗೂ ಕಾರಣ ಇತ್ತು, ಸೀಟು ಮಾತ್ರ ಖಾಲಿ.

ಮರುದಿನ ನಾನು ವಾಪಸ್ ಹೊರಟಾಗ ಭಾವ ಅಂಗಿ ಹಾಕಿಕೊಂಡು ಬಂದು ಎಡಗಡೆ ಕೂತರು. ಒಂದು ಕೈ ಹ್ಯಾಂಡ್ ಬ್ರೇಕ್ ಹತ್ತಿರ. ದಾರಿಯುದ್ದಕ್ಕೂ ಮಾತಾಡಿದ್ದು ಮೂರು ಸಲ. 'ಲಾರಿ ಪಕ್ಕ ಇರಬೇಡ, ಒಂದೋ ಮುಂದೆ ಹೋಗು, ಇಲ್ಲ ಹಿಂದೆ ಇರು.' 'ಆ ಬೈಕಿನವನು ರಾಂಗ್ ಸೈಡಲ್ಲಿ ಬರ್ತಾನೆ ನೋಡು.' ಬಂದ. 'ಕನ್ನಡಿ.' ಶಿರಾದಲ್ಲಿ ಇಳಿದರು, ಮಧ್ಯಾಹ್ನ ತೋಟಕ್ಕೆ ನೀರು ಬಿಡಬೇಕಿತ್ತು. ಬಸ್ ಹತ್ತೋಕೆ ರಸ್ತೆ ದಾಟುವ ಮುಂಚೆ ಕಿಟಕಿ ಹತ್ತಿರ ಬಂದು, 'ತುಮಕೂರು ದಾಟಿದ ಮೇಲೆ ಒಂದು ಫೋನ್ ಮಾಡಮ್ಮ' ಅಂದರು. ಶಿರಾದಿಂದ ಬೆಂಗಳೂರಿಗೆ ಸುಮಾರು 120 ಕಿಲೋಮೀಟರ್. ಪಕ್ಕದ ಸೀಟಿನಲ್ಲಿ ಅಕ್ಕ ಕೊಟ್ಟ ತೆಂಗಿನಕಾಯಿ ಚೀಲ ಇತ್ತು.